ಗುರುವಾರದ ಬಟಾಣಿ ಸೂಪ್ ಇನ್ನೂ ಇದೆ

ಸ್ವೀಡನ್ನಿನವರು ತಮ್ಮ ಹಳೆಯ ಅಡುಗೆಯನ್ನು ಈಗಲೂ ತಿನ್ನುತ್ತಾರಾ, ಇಲ್ಲ ಹಬ್ಬಕ್ಕೆ ಮಾತ್ರವಾ ಅಂತ ಕೇಳಿದ್ದೀರಿ. ತಿನ್ನುತ್ತಾರೆ, ಆದರೆ ಜಾಸ್ತಿ ಮಧ್ಯಾಹ್ನದ ಊಟಕ್ಕೆ. ರಾತ್ರಿ ಮನೆಯಲ್ಲಿ ಪಾಸ್ತಾನೋ ಇನ್ನೇನೋ ಇರುತ್ತದೆ. ಶುಕ್ರವಾರ ಬಂತು ಅಂದರೆ ಎಷ್ಟೋ ಮನೆಗಳಲ್ಲಿ ಟ್ಯಾಕೊ.

ಗುರುವಾರದ ಊಟ ನೋಡಿ. ಹಳದಿ ಒಣ ಬಟಾಣಿಯನ್ನು ಹಿಂದಿನ ರಾತ್ರಿ ನೆನೆಹಾಕಿ, ಉಪ್ಪು ಹಾಕಿಟ್ಟ ಹಂದಿಮಾಂಸದ ಜೊತೆ ಮೆತ್ತಗಾಗುವ ತನಕ ಬೇಯಿಸುತ್ತಾರೆ. ತಟ್ಟೆಯ ಅಂಚಿಗೆ ಅರೆದ ಸಾಸಿವೆ ಹಾಕಿಕೊಂಡು, ಚಮಚ ಚಮಚಕ್ಕೂ ಚೂರು ಚೂರು ಬೆರೆಸಿ ತಿನ್ನಬೇಕು. ಮೊದಲೇ ಎಲ್ಲ ಕಲಸಿಬಿಟ್ಟರೆ ಆ ಘಾಟು ಸಿಗೋದಿಲ್ಲ. ಆಮೇಲೆ ತೆಳು ಪ್ಯಾನ್‌ಕೇಕ್, ಮೇಲೆ ಜಾಮ್. ಕ್ಯಾಥೊಲಿಕ್ ಕಾಲದಲ್ಲಿ ಶುಕ್ರವಾರ ಉಪವಾಸ ಅಂತ ಹಿಂದಿನ ದಿನ ಹೊಟ್ಟೆ ತುಂಬ ಉಣ್ಣುತ್ತಿದ್ದರು, ಅಲ್ಲಿಂದ ಬಂದ ರೂಢಿ ಎನ್ನುತ್ತಾರೆ. 16ನೇ ಶತಮಾನದಲ್ಲಿ ದೇಶ ಕ್ಯಾಥೊಲಿಕ್ ಪಂಥ ಬಿಟ್ಟು ಲುಥೆರನ್ ಅನ್ನೋ ಪ್ರೊಟೆಸ್ಟಂಟ್ ಪಂಥಕ್ಕೆ ಸೇರಿತು. ಉಪವಾಸ ಹೋಯಿತು, ಸೂಪ್ ಉಳಿಯಿತು. ಸೈನ್ಯದಲ್ಲಿ, ಎಷ್ಟೋ ಹೋಟೆಲ್‌ಗಳಲ್ಲಿ ಇಂದಿಗೂ ಗುರುವಾರ ಅದೇ.

ಈ ಅಡುಗೆ ಉಳಿಯಲು ಶಾಲೆಯ ಬಿಸಿಯೂಟವೇ ದೊಡ್ಡ ಕಾರಣ ಅನ್ನೋದು ನನ್ನ ಅಭಿಪ್ರಾಯ. ಅಲ್ಲಿ ಮಕ್ಕಳಿಗೆ ಊಟ ಉಚಿತ. ಮೀಟ್‌ಬಾಲ್, ಆಲೂಗಡ್ಡೆ, ಲಿಂಗನ್‌ಬೆರಿ ಅನ್ನೋ ಹುಳಿ ಕೆಂಪು ಹಣ್ಣಿನ ಜಾಮ್, ಫಾಲುಕೊರ್ವ್ ಸಾಸೇಜ್ ಎಲ್ಲ ಬಡಿಸುತ್ತಾರೆ. ಮನೆಯಲ್ಲಿ ಮಾಡದಿದ್ದರೂ ನಾಲಿಗೆಗೆ ರುಚಿ ಹತ್ತುತ್ತದೆ ಅಲ್ವಾ?

ಹುಳಿಯಲ್ಲಿ ನೆನೆಸಿಟ್ಟ ಹೆರಿಂಗ್ ಮೀನು ಮಾತ್ರ ಹೆಚ್ಚಾಗಿ ಕ್ರಿಸ್‌ಮಸ್, ಈಸ್ಟರ್, ಜೂನ್‌ನ ಮಿಡ್‌ಸಮ್ಮರ್ ಹಬ್ಬಕ್ಕೆ. ನೀವು ಅಲ್ಲಿಗೆ ಹೋದರೆ ವಾರದ ದಿನ ಮಧ್ಯಾಹ್ನ ಒಂದು ಸಾದಾ ಹೋಟೆಲ್‌ಗೆ ಹೋಗಿ, ಇವತ್ತಿನ ಊಟ ಏನು ಅಂತ ಕೇಳಿ. ಹಂದಿಮಾಂಸ ತಿನ್ನದಿದ್ದರೆ ಮೊದಲೇ ಹೇಳಿ.