ಯೂನಿಯನ್ ಜೊತೆ ವೇತನ ಒಪ್ಪಂದ: ಅನುಭವ ಇರುವ ಮ್ಯಾನೇಜರ್ ಮುಂದೆ ಏನು ಕಲಿಯಬೇಕು?

ಎರಡು ಸಲ ಒಪ್ಪಂದದ ಮಾತುಕತೆಯಲ್ಲಿ ತಂಡದ ಸದಸ್ಯರಾಗಿ ಕೂತಿದ್ದೀರಿ, ಈ ಸಲ ಮ್ಯಾನೇಜ್‌ಮೆಂಟ್ ಕಡೆಯ ಮುಂದಾಳು ನೀವೇ. ತಾಳ್ಮೆ ಇರಲಿ, ಚೆನ್ನಾಗಿ ಕೇಳಿಸಿಕೊಳ್ಳಿ ಅನ್ನುವ ಉಪದೇಶ ಬೇಡ, ಅದರಾಚೆಗಿನದು ಹೇಳಿ ಅಂತ ಕೇಳಿದ್ದೀರಿ. ನಾನೂ ಬಹಳ ವರ್ಷಗಳಿಂದ ಕಂಪನಿ ಕಡೆಯ ಕುರ್ಚಿಯಲ್ಲೇ ಕೂತವನು. ಹಾಗಾಗಿ ಇದನ್ನು ಒಂದು ಕಡೆಯವನ ಮಾತು ಅಂತಲೇ ಓದಿಕೊಳ್ಳಿ.

ನನ್ನ ಲೆಕ್ಕದಲ್ಲಿ ಅತಿ ಕಷ್ಟದ ಮಾತುಕತೆ ನಡೆಯುವುದು ಯೂನಿಯನ್ ಜೊತೆಗಲ್ಲ, ನಮ್ಮವರ ಜೊತೆಗೇ. ಫೈನಾನ್ಸ್‌ನವರಿಗೆ ಖರ್ಚು ಏರಬಾರದು. ಪ್ರೊಡಕ್ಷನ್‌ನವರಿಗೆ ಒಂದು ಶಿಫ್ಟೂ ನಿಲ್ಲಬಾರದು. ಮೇಲಿನವರಿಗೆ ಎರಡೂ ಬೇಕು. ಈ ಜಗಳ ಮೊದಲೇ ಮುಗಿಯದಿದ್ದರೆ ಸರಿಯಾಗಿ ಮಾತುಕತೆಯ ನಡುವೆ ಬಂದು ಕಾಡುತ್ತದೆ. ನೀವು ಎಲ್ಲಿಯ ತನಕ ಹೋಗಬಹುದು, ಯಾವುದಕ್ಕೆ ಮಾತ್ರ ಕೇಳಿಕೊಂಡು ಬರಬೇಕು, ಮುಷ್ಕರ ಆದರೂ ಬಿಟ್ಟುಕೊಡಬಾರದ ವಿಷಯ ಯಾವುದು, ಇಷ್ಟನ್ನೂ ಬರವಣಿಗೆಯಲ್ಲಿ ತೆಗೆದುಕೊಳ್ಳಿ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1981ರಲ್ಲಿ ಹೊರಡಿಸಿದ 163ನೇ ಶಿಫಾರಸು ಕೂಡ ಇದನ್ನೇ ಹೇಳುತ್ತದೆ: ಮಾತಿಗೆ ಕೂರುವವರಿಗೆ ಮಾತಾಡುವ ಅಧಿಕಾರದ ಜೊತೆ ಮುಗಿಸುವ ಅಧಿಕಾರವೂ ಇರಬೇಕು. ಪ್ರತಿ ಸಲ 'ಮೇಲೆ ಕೇಳಿ ಹೇಳ್ತೀನಿ' ಅನ್ನುವವರನ್ನು ಬಿಟ್ಟು ಯೂನಿಯನ್‌ನವರು ನೇರ ಮೇಲಿನವರ ಬಾಗಿಲಿಗೇ ಹೋಗುತ್ತಾರೆ. ಮೇಲಿನವರು ಒಂದು ಸಲ ಬಾಗಿಲು ತೆಗೆದರೋ, ಆಮೇಲೆ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ಎರಡನೆಯದು ಲೆಕ್ಕ. ಇದನ್ನು ಫೈನಾನ್ಸ್‌ನವರಿಗೆ ಬಿಟ್ಟು ಸುಮ್ಮನಾಗಬೇಡಿ, ನಿಮ್ಮ ಬೆರಳ ತುದಿಯಲ್ಲೇ ಇರಲಿ. ಮೂರು ವರ್ಷದ ಒಪ್ಪಂದ, ಒಂದು ವರ್ಷದ ಸಂಬಳದ ಖರ್ಚು 100 ಅಂದುಕೊಳ್ಳಿ. ವರ್ಷಕ್ಕೆ ಶೇ. 3ರಂತೆ ಮೂರು ವರ್ಷ ಏರಿಸಿದರೆ ಕೊನೆಗೆ 109.27ಕ್ಕೆ ಬಂದು ನಿಲ್ಲುತ್ತೀರಿ. ಮೊದಲ ವರ್ಷ ಶೇ. 5, ಆಮೇಲೆ 2, ಮತ್ತೆ 2 ಕೊಟ್ಟರೂ ಕೊನೆಗೆ ನಿಲ್ಲುವುದು ಹೆಚ್ಚುಕಡಿಮೆ ಅಲ್ಲೇ, 109.24. ತಿರುಗಿಸಿ 2, 2, 5 ಮಾಡಿದರೂ ಅಷ್ಟೇ. ಆದರೆ ವರ್ಷಕ್ಕೆ 100ರ ಮೇಲೆ ಮೂರು ವರ್ಷದಲ್ಲಿ ಒಟ್ಟು ಕೈಯಿಂದ ಹೋಗುವ ಹೆಚ್ಚುವರಿ ದುಡ್ಡು ನೋಡಿ: ಸಮವಾಗಿ ಏರಿಸಿದರೆ 18.36, ಮೊದಲೇ ಜಾಸ್ತಿ ಕೊಟ್ಟರೆ 21.34, ಕೊನೆಗೆ ಜಾಸ್ತಿ ಕೊಟ್ಟರೆ 15.28. ಕಾರ್ಖಾನೆ ಬಾಗಿಲಲ್ಲಿ ಯೂನಿಯನ್ ತನ್ನ ಸದಸ್ಯರಿಗೆ ಕರೆಯುವ ಗೇಟ್ ಮೀಟಿಂಗ್‌ನಲ್ಲಿ ಹೇಳುವ ಒಟ್ಟು ಶೇಕಡಾವಾರು ಒಂದೇ, ನಿಮ್ಮ ಖರ್ಚು ಬೇರೆ ಬೇರೆ. ಮಾತುಕತೆಯಲ್ಲಿ ಕೊಡು-ಕೊಳ್ಳುವಿಕೆಗೆ ಜಾಗ ಇರುವುದು ಇಲ್ಲಿ. ಆದರೆ ಎದುರಿನವರಿಗೆ ಇದು ಗೊತ್ತಿಲ್ಲ ಅಂತ ಮಾತ್ರ ಅಂದುಕೊಳ್ಳಬೇಡಿ. ಒಳ್ಳೆಯ ಯೂನಿಯನ್ ಕಾರ್ಯದರ್ಶಿ ಇದನ್ನು ನಮಗಿಂತ ಬೇಗ ಮಾಡುತ್ತಾರೆ.

ಇನ್ನೊಂದು ಮಾತು. ಬೇಸಿಕ್, ಅಂದರೆ ಮೂಲ ಸಂಬಳ, ಏರಿದರೆ ಅದರ ಮೇಲೆ ನಿಂತಿರುವ ಓವರ್‌ಟೈಮ್, ರಜೆ ಸಂಬಳ, ನಿವೃತ್ತಿ ಹಣ ಎಲ್ಲವೂ ಏರುತ್ತವೆ. ಬಿಡಿ ಭತ್ಯೆ ಏರಿಸಿದರೆ ಸಾಮಾನ್ಯವಾಗಿ ಹಾಗಾಗುವುದಿಲ್ಲ, ಆದರೆ ಕಾನೂನು ದೇಶದಿಂದ ದೇಶಕ್ಕೆ ಬೇರೆ. ನಿಮ್ಮಲ್ಲಿ ಯಾವುದು ಯಾವುದಕ್ಕೆ ಕಟ್ಟಿಕೊಂಡಿದೆ ಅಂತ ಮೊದಲೇ ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ.

ಈಗ ಎದುರಿನ ಕುರ್ಚಿ. ಅಲ್ಲಿ ಕೂತವರು ಚುನಾವಣೆಯಲ್ಲಿ ಗೆದ್ದು ಬಂದವರು, ಮತ್ತೆ ಚುನಾವಣೆಗೆ ನಿಲ್ಲುವವರು. ಅವರ ಹಿಂದೆ ಹಳಬರು, ಹೊಸಬರು, ಸೋತ ಗುಂಪು, ಎಲ್ಲರೂ ಇದ್ದಾರೆ. ನಿಮ್ಮ ಪ್ರಸ್ತಾಪ ಎಷ್ಟೇ ಚೆನ್ನಾಗಿರಲಿ, ಸದಸ್ಯರ ಎದುರು ನಿಂತು 'ನಾವು ಹೋರಾಡಿ ತಂದೆವು' ಅನ್ನಲು ಅವರಿಗೆ ಏನೂ ಉಳಿಯದಿದ್ದರೆ ಅದು ಪಾಸಾಗುವುದಿಲ್ಲ. ಹಾಗಾಗಿ ಕೊಡಲೇಬೇಕು ಅಂತ ತೀರ್ಮಾನಿಸಿದ್ದನ್ನೂ ಅವರು ಕೇಳುವ ತನಕ ಇಟ್ಟುಕೊಳ್ಳುವುದು ಕೆಲವೊಮ್ಮೆ ಅವರಿಗೆ ಮಾಡುವ ಉಪಕಾರವೇ. ಹೊಸ ಮ್ಯಾನೇಜರ್‌ಗಳಿಗೆ ಇದು ನಾಟಕದ ಹಾಗೆ ಕಾಣಿಸುತ್ತದೆ. ನನಗೆ ಹಾಗನ್ನಿಸುವುದಿಲ್ಲ.

ಇದರ ಉಲ್ಟಾ ದಾರಿ ಹಿಡಿದವರೂ ಇದ್ದಾರೆ. ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಲೆಮ್ಯುಯೆಲ್ ಬೌಲ್‌ವೇರ್ ಅನ್ನುವ ಅಧಿಕಾರಿ ಇದ್ದರು. ತಾವೇ ಎಲ್ಲ ಅಧ್ಯಯನ ಮಾಡಿ, ನ್ಯಾಯ ಅನ್ನಿಸಿದ ಒಂದೇ ಪ್ರಸ್ತಾಪ ಇಟ್ಟು, ಯೂನಿಯನ್ ನಾಯಕರ ತಲೆ ಮೇಲಿಂದ ನೇರ ಕಾರ್ಮಿಕರಿಗೇ ಪ್ರಚಾರ ಮಾಡುವುದು ಅವರ ಪದ್ಧತಿ. ಪ್ರಸ್ತಾಪ ಕೆಟ್ಟದಾಗಿತ್ತು ಅನ್ನುವುದಲ್ಲ ತಕರಾರು, ಮಾತುಕತೆಗೆ ಅರ್ಥವೇ ಉಳಿಯಲಿಲ್ಲ ಅನ್ನುವುದು. 1960ರ ಮಾತುಕತೆಯಲ್ಲಿ ಕಂಪನಿ ಪ್ರಾಮಾಣಿಕವಾಗಿ ಚೌಕಾಸಿ ಮಾಡಲಿಲ್ಲ ಅಂತ ಅಲ್ಲಿನ ಕಾರ್ಮಿಕ ಸಂಬಂಧ ಮಂಡಳಿ 1964ರಲ್ಲಿ ತೀರ್ಪು ಕೊಟ್ಟಿತು. 1969ರಲ್ಲಿ ಮೇಲ್ಮನವಿ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಮೇಜಿನ ಮೇಲಿನ ಪಟ್ಟುಗಳ ಬಗ್ಗೆ ಜಾಸ್ತಿ ಹೇಳುವುದಿಲ್ಲ, ನಿಮಗೆ ಗೊತ್ತಿರುವುದೇ. ಒಂದೊಂದೇ ಬೇಡಿಕೆಗೆ ಹೂಂ ಅನ್ನಬೇಡಿ, ಗುಂಪು ಮಾಡಿ ಮಾತಾಡಿ. ಎಲ್ಲ ಮುಗಿಯುವ ತನಕ ಯಾವುದೂ ಮುಗಿದಿಲ್ಲ ಅನ್ನುವುದನ್ನು ಮೊದಲ ದಿನದ ಮಿನಿಟ್ಸ್‌ನಲ್ಲೇ ಬರೆಸಿ. 'ಹೀಗೆ ಮಾಡಿದರೆ ಹೇಗಿರುತ್ತೆ?' ಅಂತ ಕೇಳಿದ್ದನ್ನು ಪ್ರಸ್ತಾಪ ಅಂತ ಬರೆದುಕೊಳ್ಳಬಾರದು ಅನ್ನುವುದೂ ಅಲ್ಲೇ ಇರಲಿ. 'ಇದೇ ಕೊನೆ' ಅನ್ನುವ ಮಾತನ್ನು ನಿಜಕ್ಕೂ ಕೊನೆಯಲ್ಲಿ, ಒಂದೇ ಸಲ ಹೇಳಿ. ಅದು ಕೊನೆಯಲ್ಲ ಅಂತ ಒಮ್ಮೆ ಗೊತ್ತಾದರೆ ಮುಂದಿನ ಒಪ್ಪಂದದಲ್ಲೂ ಯಾರೂ ನಂಬುವುದಿಲ್ಲ.

ಬರವಣಿಗೆಗೆ ಮಾತ್ರ ಸಮಯ ಕೊಡಿ. ದಣಿದು, ಮಧ್ಯರಾತ್ರಿ, ಎಲ್ಲರಿಗೂ ಮನೆಗೆ ಹೋದರೆ ಸಾಕು ಅನ್ನಿಸುವಾಗ ಬರೆದ ಸಾಲುಗಳೇ ಮೂರು ವರ್ಷ ಜಗಳ ತರುತ್ತವೆ. 'ಶಿಫ್ಟ್ ಬದಲಾವಣೆಯನ್ನು ಸಾಕಷ್ಟು ಮುಂಚಿತವಾಗಿ ತಿಳಿಸಲಾಗುವುದು' ಅಂತ ಬರೆದರೆ ಎರಡೂ ಕಡೆಯವರು ಖುಷಿಯಾಗಿ ಸಹಿ ಹಾಕುತ್ತಾರೆ. ಆಮೇಲೆ ಒಂದು ದಿನ ಮೆಷಿನ್ ಕೆಟ್ಟು, ನಾಳೆ ರಾತ್ರಿ ಪಾಳಿಗೆ ಬನ್ನಿ ಅಂದಾಗ ಸಾಕಷ್ಟು ಅಂದರೆ ಎಷ್ಟು ಅಂತ ಶುರುವಾಗುತ್ತದೆ. ಮಾಮೂಲಿ ಬದಲಾವಣೆಗೆ ಎಷ್ಟು ದಿನ, ತುರ್ತಿಗೆ ಎಷ್ಟು ಗಂಟೆ, ತುರ್ತು ಅಂದರೆ ಏನು, ಹೇಳಬೇಕಾದವರು ಯಾರು, ತಡವಾದರೆ ಏನು ಕೊಡಬೇಕು, ಇವೆಲ್ಲ ಆ ಕಲಮಿನೊಳಗೇ ಇರಬೇಕು. ನಾನು ಸಹಿಗೆ ಮುಂಚೆ ಕರಡನ್ನು ಮಾತುಕತೆಯಲ್ಲಿ ಇಲ್ಲದ ಇಬ್ಬರು ಸೂಪರ್‌ವೈಸರ್‌ಗಳಿಗೆ ಬೇರೆ ಬೇರೆಯಾಗಿ ಓದಲು ಕೊಡುತ್ತೇನೆ. ಇಬ್ಬರೂ ಒಂದೇ ಅರ್ಥ ಹೇಳದಿದ್ದರೆ ಆ ಸಾಲನ್ನು ಎರಡೂ ಕಡೆಯವರು ಕೂತು ಮತ್ತೆ ಬರೆಯಬೇಕು. ಯೂನಿಯನ್‌ನವರು ಇದಕ್ಕೆ ಇಲ್ಲ ಅಂದಿದ್ದು ನಾನು ನೋಡಿಲ್ಲ.