ಪ್ರಾಚೀನ ಈಜಿಪ್ಟಿನ ಧಾರ್ಮಿಕ ಚಿತ್ರಗಳಲ್ಲಿ ಸ್ತ್ರೀಯರು ಕುಣಿಯುತ್ತಿರುವುದೇಕೆ?

ಆ ಕುಣಿತವನ್ನು ಬರಿಯ ಮನರಂಜನೆಯೆಂದು ತಿಳಿಯುವುದು ಸರಿಯಲ್ಲ. ದೇವಾಲಯದ ಚಿತ್ರಗಳಲ್ಲಿ ಅದು ಪೂಜೆಯ ಅಂಗವೇ ಆಗಿದೆ. ಕಾರ್ನಾಕ್ ದೇವಾಲಯದಲ್ಲಿ ಹತ್ಶೆಪ್ಸುತ್ ರಾಣಿ (ಕ್ರಿ.ಪೂ. ಸುಮಾರು 1479–1458) ಕಟ್ಟಿಸಿದ ಕೆಂಪು ಗುಡಿಯ ಕಲ್ಲುಗಳ ಮೇಲೆ, ಅಮುನ್ ದೇವರ ಉತ್ಸವದ ದೃಶ್ಯಗಳ ನಡುವೆ, ಬೆನ್ನು ಬಿಲ್ಲಾಗಿ ಹಿಂದಕ್ಕೆ ಬಾಗಿದ ನರ್ತಕಿಯರಿದ್ದಾರೆ, ಅವರ ಬಿಚ್ಚುಗೂದಲು ನೆಲದತ್ತ ಇಳಿಬಿದ್ದಿದೆ, ಹಾರ್ಪ್ ಎಂಬ ತಂತಿವಾದ್ಯ ನುಡಿಯುತ್ತಿದೆ, ಬೇರೆ ಸ್ತ್ರೀಯರು ಸಿಸ್ಟ್ರಮ್ ಎಂಬ ಗಿಲಕಿಯನ್ನು ಅಲುಗಿಸುತ್ತಿದ್ದಾರೆ. ಈ ಗಿಲಕಿ ಸಂಗೀತ, ನೃತ್ಯ, ಪ್ರೇಮಗಳ ದೇವತೆಯಾದ ಹಾಥೋರಳ ವಾದ್ಯ. ಸತ್ತವರನ್ನು ಪಡುವಣ ದಿಕ್ಕಿನಲ್ಲಿ ಬರಮಾಡಿಕೊಳ್ಳುವವಳೂ ಅವಳೇ ಆದ್ದರಿಂದ ಸಮಾಧಿಗಳ ಗೋಡೆಗಳಲ್ಲಿಯೂ ಅವಳಿಗೆ ಸಲ್ಲುವ ನೃತ್ಯ ಮೂಡಿದೆ. ಅವುಗಳಲ್ಲಿ ನನಗೆ ಅತ್ಯಂತ ಹೃದ್ಯವೆನಿಸುವುದು ಸಕ್ಕಾರಾ ಎಂಬ ಸಮಾಧಿಕ್ಷೇತ್ರದಲ್ಲಿರುವ, ಮೆರೆರುಕನೆಂಬ ಮಂತ್ರಿಯ ಸಮಾಧಿಯ ಚಿತ್ರ: ಅಲ್ಲಿ ಹುಡುಗಿಯರು ಹಾಥೋರಳಿಗೆ ಪ್ರಿಯವಾದ ಕೈಗನ್ನಡಿಗಳನ್ನೇ ಹಿಡಿದು ಕುಣಿಯುತ್ತಾರೆ.