ಓದುಗರ ಪ್ರಶ್ನೆ: ಬಯಲೇ ಹಿಗ್ಗಿದರೆ ನಡು ಯಾವುದು?

ಪ್ರಶ್ನೆ: ಚಿತ್ತಾಪುರ ತಾಲ್ಲೂಕಿನ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮಹಾಸ್ಫೋಟ ಯಾವ ಜಾಗದಲ್ಲಿ ಆಯಿತು, ವಿಶ್ವದ ನಡು ಎಲ್ಲಿದೆ ಎಂದು ಮಕ್ಕಳು ಕೇಳುತ್ತಾರೆ. ಬಲೂನಿನ ಮೇಲೆ ಪೆನ್ನಿನಿಂದ ಚುಕ್ಕಿ ಇಟ್ಟು ಊದಿ ತೋರಿಸಿದೆ. ಚುಕ್ಕಿಗಳೂ ದೊಡ್ಡದಾದವು, ‘ಗೆಲಾಕ್ಸಿನೂ ಉಬ್ಬತದೇನ್ರಿ ಟೀಚರ್?’ ಅಂದರು. ಬೇರೆ ಪ್ರಯೋಗ ತಿಳಿಸಿ.
(ಶಿಕ್ಷಕಿ, ಕಲಬುರಗಿ ಜಿಲ್ಲೆ)

ಉತ್ತರ: ಅರ್ಧ ಗೊಂದಲ ಆ ಹೆಸರಿನದೇ. ಬಯಲಿನಲ್ಲಿ, ಅಂದರೆ ಅಂತರಿಕ್ಷದಲ್ಲಿ, ಒಂದು ಕಡೆ ಏನೋ ಸಿಡಿಯಿತು ಎಂದಲ್ಲ, ಬಯಲೇ ಹಿಗ್ಗಿತು. ‘ಬಿಗ್ ಬ್ಯಾಂಗ್’ ಎಂಬ ಮಾತನ್ನು 1949ರಲ್ಲಿ ಬಿಬಿಸಿ ರೇಡಿಯೊದಲ್ಲಿ ಬಳಸಿದ ಖಗೋಳವಿಜ್ಞಾನಿ ಫ್ರೆಡ್ ಹಾಯ್ಲ್ ಈ ಸಿದ್ಧಾಂತವನ್ನು ಒಪ್ಪಿದವರಲ್ಲ.

ಬಲೂನು ಬಿಡಿ. ಈ ಪ್ರಯೋಗದಲ್ಲಿ ಎಲಾಸ್ಟಿಕ್ಕೇ ಬಯಲು, ಬೇಳೆಯೇ ಗೆಲಾಕ್ಸಿ. ದರ್ಜಿಗಳು ಬಳಸುವ ಎಲಾಸ್ಟಿಕ್ ಪಟ್ಟಿ 60 ಸೆಂ.ಮೀ. ತನ್ನಿ, ಹೊಸದೇ ಇರಲಿ. ಎರಡೂ ತುದಿಗೆ 5 ಸೆಂ.ಮೀ. ಬಿಟ್ಟು, ನಡುವಿನ 50 ಸೆಂ.ಮೀ.ನಲ್ಲಿ 10ಕ್ಕೊಂದರಂತೆ ಆರು ಗುರುತು ಹಾಕಿ. ಪ್ರತಿ ಗುರುತಿಗೂ ಒಂದು ತೊಗರಿ ಬೇಳೆ, ಚಪ್ಪಟೆ ಮಗ್ಗುಲು ಕೆಳಗೆ ಬರುವಂತೆ ಅಂಟಿಸಿ. ಅಂಟು ಬೆಂಕಿಕಡ್ಡಿಯ ತುದಿಯಷ್ಟು ಸಾಕು. ಬೇಳೆಯ ಆಚೆಗೂ ಹರಡಿದರೆ ಅಲ್ಲೆಲ್ಲ ಎಲಾಸ್ಟಿಕ್ ಗಟ್ಟಿಯಾಗಿಬಿಟ್ಟು ಹಿಗ್ಗುವುದಿಲ್ಲ, ಲೆಕ್ಕ ತಪ್ಪುತ್ತದೆ. ಪೂರ್ತಿ ಒಣಗುವ ಮೊದಲು ಎಳೆದರೆ ಬೇಳೆ ಜಾರುತ್ತದೆ.

ಪಕ್ಕದಲ್ಲಿ ಮೀಟರ್ ಸ್ಕೇಲ್ ಇಡಿ. ಮೊದಲ ಬೇಳೆಯನ್ನು ಒಬ್ಬರು ಸೊನ್ನೆಯ ಮೇಲೆ ಒತ್ತಿ ಹಿಡಿಯಲಿ, ಇನ್ನೊಬ್ಬರು ಕೊನೆಯ ಬೇಳೆ 75ಕ್ಕೆ ಬರುವವರೆಗೆ ಎಳೆಯಲಿ. ಪಟ್ಟಿಯನ್ನು ಒಮ್ಮೆ ಮೇಲೆತ್ತಿ ಮೀಟಿ ಬಿಡಿ; ಟೇಬಲ್ಲಿಗೆ ಕಚ್ಚಿಕೊಂಡ ಭಾಗ ಸಡಿಲಾಗುತ್ತದೆ. ಈಗ ಓದಿ: 10ರಲ್ಲಿದ್ದದ್ದು 15ಕ್ಕೆ, 20ರದ್ದು 30ಕ್ಕೆ, 40ರದ್ದು 60ಕ್ಕೆ. ಸರಿದದ್ದು 5, 10, 20. ಎರಡು ಪಟ್ಟು ದೂರದ್ದು ಎರಡು ಪಟ್ಟು ಓಡಿದೆ. 1929ರಲ್ಲಿ ಎಡ್ವಿನ್ ಹಬಲ್ ಗೆಲಾಕ್ಸಿಗಳಲ್ಲಿ ಕಂಡದ್ದು ಇದನ್ನೇ. ಬೆಲ್ಜಿಯಂನ ಪಾದ್ರಿ ಜಾರ್ಜ್ ಲೆಮೇತ್ರ್ 1927ರಲ್ಲೇ ಲೆಕ್ಕದಿಂದ ಹೇಳಿದ್ದರು.

ಮುಖ್ಯವಾದದ್ದು ಎರಡನೇ ಸುತ್ತು. ಮೂರನೇ ಬೇಳೆಯನ್ನು ಒತ್ತಿ ಹಿಡಿದು, ಪಟ್ಟಿ ಮೊದಲಿನಷ್ಟೇ ಹಿಗ್ಗುವಂತೆ ಎರಡೂ ಕಡೆ ಎಳೆಯಿರಿ. ಅದರಿಂದ ಅಳೆದರೆ ಪಕ್ಕದವು ಮತ್ತೆ 15ಕ್ಕೇ ಹೋಗುತ್ತವೆ, ಅದರಾಚೆಯವು 30ಕ್ಕೆ. ಯಾವ ಬೇಳೆಯ ಮೇಲೆ ಕೂತು ನೋಡಿದರೂ ತಾನೇ ನಡುವೆ ಇದ್ದಂತೆ ಕಾಣುತ್ತದೆ. ಮಕ್ಕಳ ಪ್ರಶ್ನೆಗೆ ಇದೇ ಉತ್ತರ: ನಡು ಎಂಬ ಜಾಗವೇ ಇಲ್ಲ. ಬೇಳೆ ಮಾತ್ರ ಮೊದಲಿನಷ್ಟೇ ಇದೆ ನೋಡಿ; ಗೆಲಾಕ್ಸಿಯನ್ನೂ ಹಾಗೆಯೇ ಅದರ ಗುರುತ್ವ ಹಿಡಿದಿಟ್ಟಿದೆ. ಹತ್ತಿರದ ಗೆಲಾಕ್ಸಿಗಳ ನಡುವೆಯೂ ಗುರುತ್ವವೇ ಗೆಲ್ಲುತ್ತದೆ. ಸುಮಾರು 25 ಲಕ್ಷ ಜ್ಯೋತಿರ್ವರ್ಷ ದೂರದ ಆಂಡ್ರೊಮಿಡಾ ಗೆಲಾಕ್ಸಿ ಸೆಕೆಂಡಿಗೆ ಸುಮಾರು 110 ಕಿ.ಮೀ. ವೇಗದಲ್ಲಿ ನಮ್ಮ ಕಡೆಗೇ ಬರುತ್ತಿದೆ.

ಪ್ರಶ್ನೆ: ಸಮಾನಾಂತರ ವಿಶ್ವದಲ್ಲಿ ನನ್ನಂಥವನೇ ಇನ್ನೊಬ್ಬ ಇದ್ದಾನೆ, ವಿಜ್ಞಾನಿಗಳೇ ಒಪ್ಪಿದ್ದಾರೆ ಎಂದು ವಿಡಿಯೊಗಳಲ್ಲಿ ಹೇಳುತ್ತಾರೆ. ನಿಜವೇ?
(ಪದವಿ ವಿದ್ಯಾರ್ಥಿ, ಬಸವಕಲ್ಯಾಣ)

ಉತ್ತರ: ಒಪ್ಪಿಲ್ಲ. ಆ ವಿಡಿಯೊಗಳು ಮೂರು ಬೇರೆ ಬೇರೆ ವಿಚಾರಗಳನ್ನು ಒಂದೇ ಪಾತ್ರೆಯಲ್ಲಿ ಕಲಸುತ್ತವೆ.

ಒಂದು, ನಮಗೆ ಕಾಣುವ ಎಲ್ಲೆಯ ಆಚೆಗಿನ ವಿಶ್ವ. ಆ ಎಲ್ಲೆ ಈಗ ಎಲ್ಲ ದಿಕ್ಕಿಗೂ ಸುಮಾರು 4,600 ಕೋಟಿ ಜ್ಯೋತಿರ್ವರ್ಷ ದೂರದಲ್ಲಿದೆ. ಆಚೆಗೂ ವಿಶ್ವ ಇದೆ ಎನ್ನುವುದರಲ್ಲಿ ವಿಚಿತ್ರವೇನಿಲ್ಲ; ‘ನಿಮ್ಮಂಥವನೇ ಇನ್ನೊಬ್ಬ’ ಬರಬೇಕಾದರೆ ಅದು ಅನಂತವಾಗಿರಬೇಕು. ಅದನ್ನು ಯಾರೂ ಅಳೆದಿಲ್ಲ.

ಎರಡು, ಗುಳ್ಳೆಗಳು. ಮೊದಲ ಕ್ಷಣದ ಅತ್ಯಲ್ಪ ಪಾಲಿನಲ್ಲಿ ವಿಶ್ವ ಭಾರಿ ವೇಗದಲ್ಲಿ ಉಬ್ಬಿತು ಎಂದು ಅಲನ್ ಗುಥ್ 1981ರಲ್ಲಿ ಪ್ರಕಟಿಸಿದರು. ಆ ಉಬ್ಬರ ಕೆಲವು ಕಡೆ ನಿಂತು ಉಳಿದ ಕಡೆ ಮುಂದುವರಿದರೆ, ನಿಂತಲ್ಲೆಲ್ಲ ಗುಳ್ಳೆಯಂತೆ ಒಂದೊಂದು ವಿಶ್ವ. ಇದನ್ನು ಬೆಳೆಸಿದವರಲ್ಲಿ ಆಂದ್ರೇ ಲಿಂಡೆ ಪ್ರಮುಖರು. ಮೂರರಲ್ಲಿ ನನಗೆ ಇದರ ಮೇಲೆ ಹೆಚ್ಚು ಗೌರವ, ಏಕೆಂದರೆ ಇಲ್ಲಿ ಹುಡುಕಲು ಗುರುತೊಂದಿದೆ: ಇನ್ನೊಂದು ಗುಳ್ಳೆ ನಮ್ಮದಕ್ಕೆ ತಾಗಿದ್ದರೆ ಆಕಾಶದ ಹಿನ್ನೆಲೆ ವಿಕಿರಣದಲ್ಲಿ (ಎಳೆಯ ವಿಶ್ವದಿಂದ ಹೊರಟ ಬೆಳಕು; ಮುಂದಿನ ಉತ್ತರ ನೋಡಿ) ದುಂಡನೆಯ ಕಲೆ ಉಳಿಯಬೇಕು. ಆ ವಿಕಿರಣವನ್ನು ಅಳೆದ ಡಬ್ಲ್ಯುಮ್ಯಾಪ್ ಉಪಗ್ರಹದ ನಕ್ಷೆಯಲ್ಲಿ 2011ರಲ್ಲಿ ಹುಡುಕಿದರು. ಖಚಿತವಾದದ್ದು ಸಿಗಲಿಲ್ಲ. 2014ರಲ್ಲಿ ದಕ್ಷಿಣ ಧ್ರುವದ ಬೈಸೆಪ್2 ದೂರದರ್ಶಕದ ತಂಡ ಉಬ್ಬರದ್ದೇ ಗುರುತು ಸಿಕ್ಕಿತೆಂದು ಪ್ರಕಟಿಸಿತ್ತು. ಮರುವರ್ಷ ಪ್ಲ್ಯಾಂಕ್ ಉಪಗ್ರಹದ ಮಾಹಿತಿ ಸೇರಿಸಿ ನೋಡಿದಾಗ ಆ ಸಂಕೇತಕ್ಕೆ ನಮ್ಮ ಆಕಾಶಗಂಗೆಯ ಧೂಳೇ ಸಾಕೆಂದು ತಿಳಿಯಿತು.

ಮೂರನೆಯದು ಭೌತವಿಜ್ಞಾನಿ ಹ್ಯೂ ಎವರೆಟ್ 1957ರಲ್ಲಿ ಮಂಡಿಸಿದ್ದು. ಅಲ್ಲಿ ಬೇರೆ ‘ಜಾಗ’ವೇ ಇಲ್ಲ. ಒಂದು ಪರಮಾಣು ಒಡೆಯಬಹುದು, ಒಡೆಯದಿರಬಹುದು. ಎರಡೂ ನಡೆದು ವಿಶ್ವದ ಎರಡು ಕವಲಾಗಿ ಉಳಿಯುತ್ತವೆ ಎಂಬ ವಾದ. ಪರಮಾಣುಗಳ ವರ್ತನೆ ಹೇಳುವ ಕ್ವಾಂಟಂ ಸಮೀಕರಣ ಅದೇ, ಅರ್ಥ ಮಾತ್ರ ಬೇರೆ. ಕವಲಿನಿಂದ ಕವಲಿಗೆ ಹೋಗುವ ದಾರಿಯನ್ನು ಎವರೆಟ್ ಎಲ್ಲೂ ಹೇಳಿಲ್ಲ.

ಪ್ರಶ್ನೆ: ಹಳೆಯ ಟಿವಿಯಲ್ಲಿ ಚಾನೆಲ್ ಇಲ್ಲದಾಗ ಬರುವ ಬಿಳಿ ಚುಕ್ಕಿಗಳಲ್ಲಿ ಮಹಾಸ್ಫೋಟದ ಅಂಶ ಇದೆ ಅನ್ನುತ್ತಾರೆ. ಹೌದೇ?
(ಓದುಗರು, ಶಹಾಪುರ, ಯಾದಗಿರಿ ಜಿಲ್ಲೆ)

ಉತ್ತರ: ಇದೆ, ಸುಮಾರು ನೂರರಲ್ಲಿ ಒಂದು ಪಾಲು. ಉಳಿದದ್ದು ಟಿವಿಯ ಒಳಗಿನ ಮತ್ತು ಸುತ್ತಲಿನ ವಿದ್ಯುತ್ ಗದ್ದಲ. ಆಂಟೆನಾ ಹಾಕುತ್ತಿದ್ದ ಟ್ಯೂನರ್ ಟಿವಿಯಲ್ಲಿ ಮಾತ್ರ ಇದು ಸಾಧ್ಯ. ಸೆಟ್‌ಟಾಪ್ ಬಾಕ್ಸ್ ಗದ್ದಲವನ್ನು ತೋರಿಸದೆ ಪರದೆ ಖಾಲಿ ಬಿಡುತ್ತದೆ.

ಅಮೆರಿಕದ ವಿಜ್ಞಾನಿಗಳಾದ ಪೆಂಜಿಯಾಸ್ ಮತ್ತು ವಿಲ್ಸನ್ ಮಹಾಸ್ಫೋಟದ ಆ ಒಂದು ಪಾಲಿನ ಗದ್ದಲವನ್ನೇ 1964ರಲ್ಲಿ ತಮ್ಮ ಆಂಟೆನಾದಲ್ಲಿ ಹಿಡಿದರು. ದೋಷ ಇರಬಹುದೆಂದು ಪಾರಿವಾಳದ ಹಿಕ್ಕೆ ಕೂಡ ತೊಳೆದು ನೋಡಿದರು, ಗದ್ದಲ ಹೋಗಲಿಲ್ಲ. 1978ರಲ್ಲಿ ಅವರಿಗೆ ನೊಬೆಲ್ ಬಂತು. ವಿಶ್ವಕ್ಕೆ ಸುಮಾರು 3.8 ಲಕ್ಷ ವರ್ಷವಾಗಿದ್ದಾಗ, 3,000 ಕೆಲ್ವಿನ್ ಬಿಸಿಯಲ್ಲಿ ಹೊರಟ ಬೆಳಕು ಅದು. ಅಂದಿನಿಂದ ಬಯಲು ಸುಮಾರು 1,100 ಪಟ್ಟು ಹಿಗ್ಗಿದೆ, ಅಲೆಯೂ ಅಷ್ಟೇ ಉದ್ದವಾಗಿದೆ, ಬಿಸಿ 2.7 ಕೆಲ್ವಿನ್‌ಗೆ ಇಳಿದಿದೆ. ಮೇಲಿನ ಶಿಕ್ಷಕಿಯವರು ಎಲಾಸ್ಟಿಕ್‌ನ ಹಿಂಬದಿಗೆ ಪೆನ್ನಿನಿಂದ ಒತ್ತೊತ್ತಾಗಿ ಅಲೆ ಬರೆದು ಎಳೆದರೆ, ಅದನ್ನೂ ಮಕ್ಕಳಿಗೆ ತೋರಿಸಬಹುದು.